ಕುಡಿದು ಗಾಡಿ ಓಡಿಸಿ ಶಿಕ್ಷೆಯಾದವರ ಆಪ್ತಸಮಾಲೋಚನೆ: ಮಾಡಬೇಕಾದ್ದು, ಮಾಡಬಾರದ್ದು

ವ್ಯಸನಮುಕ್ತಿ ಕೇಂದ್ರಗಳಲ್ಲೂ ಆಸ್ಪತ್ರೆಗಳಲ್ಲೂ ಕೆಲಸ ಮಾಡುವ ಆಪ್ತಸಮಾಲೋಚಕರ ಗಮನಕ್ಕೆ.

ಕೋರ್ಟಿನ ಆದೇಶದ ಮೇಲೆ ಕೆಲವರು ಬರುತ್ತಾರೆ, ವಕೀಲರು ಹೇಳಿದರೆಂದು ಕೆಲವರು, ಹೆಂಡತಿ ಅಳುತ್ತಾಳೆಂದು ಇನ್ನು ಕೆಲವರು. ‘ಡ್ರಂಕ್ ಅಂಡ್ ಡ್ರೈವ್ ಕೇಸು’ ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಕುಡಿತದ ಕೆಡುಕಿನ ಮೇಲೆ ಭಾಷಣ ಮಾಡಿ ಕಳಿಸುವ ರೂಢಿ ಹಲವು ಕಡೆ ಇದೆ. ಅದು ನಿಲ್ಲಬೇಕು. ಇವರಲ್ಲಿ ಎಲ್ಲರೂ ಕುಡಿತದ ಚಟಕ್ಕೆ ಬಿದ್ದವರಲ್ಲ. ಆದರೆ ಎಲ್ಲರೂ ಕುಡಿದು ಕೀಲಿ ತಿರುಗಿಸಿದವರು. ಕುಡಿತ ಬಿಡಿಸುವುದು ಒಂದು ಕೆಲಸ, ಕುಡಿತಕ್ಕೂ ಗಾಡಿಗೂ ಬೆಳೆದ ನಂಟು ಬಿಡಿಸುವುದು ಇನ್ನೊಂದು. ಮೊದಲನೆಯದು ಬೇಕಾದವರಿಗೆ, ಎರಡನೆಯದು ಬಂದ ಪ್ರತಿಯೊಬ್ಬರಿಗೂ.

ಶುರುಮಾಡುವ ಮುಂಚೆ

ಕಾನೂನು ತಿಳಿದುಕೊಂಡು ಕೂರಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 15,000, ಜೈಲು ಎರಡು ವರ್ಷದವರೆಗೆ. ಅಮಾನತಾದ ಲೈಸೆನ್ಸ್ ವಾಪಸ್ ಬರಬೇಕಾದರೆ ಚಾಲಕರ ಪುನಶ್ಚೇತನ ತರಬೇತಿ ಮುಗಿಸಿರಬೇಕು. ಆ ತರಬೇತಿ ಕಲಿಸುವುದು ಗಾಡಿ ಓಡಿಸುವುದನ್ನು. ಬಂದಿರುವ ಹೆಚ್ಚಿನವರಿಗೆ ಗಾಡಿ ಓಡಿಸಲು ಚೆನ್ನಾಗಿಯೇ ಬರುತ್ತದೆ, ತೊಂದರೆ ಇರುವುದು ಬೇರೆ ಕಡೆ. 185ನೇ ಕಲಮಿನಲ್ಲಿ ಸಮಾಲೋಚನೆಯ ಮಾತು ಬರುವುದಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂ ಮಾತ್ರ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವಾಗ ಅಮಲು ಪದಾರ್ಥ ಮುಟ್ಟಬಾರದೆಂಬ ಷರತ್ತು ಹಾಕಲು ಅವಕಾಶ ಕೊಡುತ್ತದೆ. ಎದುರಿಗೆ ಕೂತವರು ಯಾವ ಕಾಗದದ ಮೇಲೆ ಬಂದಿದ್ದಾರೆ ಎಂದು ಕೇಳಿ, ಆದೇಶದ ನಕಲು ತರಿಸಿ, ನೀವೇ ಓದಿ.

ವಕೀಲರ ಹಾಗೆ ಮಾತಾಡಬೇಡಿ. ‘ಇದೆಲ್ಲ ಏನೂ ಆಗಲ್ಲ, ಫೈನ್ ಕಟ್ಟಿದ್ರೆ ಮುಗೀತು’ ಎಂದು ಸಮಾಧಾನ ಹೇಳುವುದೂ ಬೇಡ, ‘ನಾನು ಬರೆದುಕೊಟ್ರೆ ಲೈಸೆನ್ಸ್ ಬರುತ್ತೆ’ ಎಂದು ಆಸೆ ಹುಟ್ಟಿಸುವುದೂ ಬೇಡ.

ಯಾವುದು ಗುಟ್ಟು, ಯಾವುದು ಅಲ್ಲ ಎಂಬುದನ್ನು ಮೊದಲ ಐದು ನಿಮಿಷದಲ್ಲೇ ಹೇಳಿಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ಕೋರ್ಟು ಕೇಳಿದ ವರದಿಯಲ್ಲಿ ಎಷ್ಟು ಭೇಟಿಗೆ ಬಂದರು, ಮುಗಿಸಿದರೋ ಇಲ್ಲವೋ ಎಂಬಷ್ಟನ್ನು ಬರೆಯಿರಿ, ಅದನ್ನೂ ಅವರಿಗೆ ಓದಿ ಹೇಳಿ ಸಹಿ ಹಾಕಿಸಿಕೊಂಡು ಕಳಿಸಿ. ಒಳಗೆ ಹೇಳಿದ್ದು ಪೊಲೀಸರ ಕಿವಿಗೆ ಬೀಳುತ್ತದೆ ಎಂಬ ಅನುಮಾನ ಇರುವವರೆಗೆ ನಿಮಗೆ ಸಿಗುವುದು ಒಂದೇ ಉತ್ತರ: ‘ಎರಡೇ ಪೆಗ್ ಸಾರ್, ಅವತ್ತೊಂದೇ ದಿನ.’

ಬರದೇ ಇದ್ದವರಿಗೆ ಹಾಜರಿ ಹಾಕಬೇಡಿ. ಸರ್ಟಿಫಿಕೇಟ್ ಬೇಗ ಕೊಡಿ ಎಂದು ದೊಡ್ಡವರ ಫೋನು ಬರುತ್ತದೆ. ಬರಲಿ.

ಮೊದಲ ಭೇಟಿ

ಕೈ ನೋಡಿ. ಮಾತಿಗಿಂತ ಮುಂಚೆ ಎರಡೂ ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಲು ಹೇಳಿ. ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ಪೆನ್ನು ಕಾಗದದ ಮೇಲೆ ಕುಣಿಯುತ್ತಿದೆಯೇ, ಫ್ಯಾನಿನ ಕೆಳಗೂ ಹಣೆಯಲ್ಲಿ ಬೆವರಿದೆಯೇ, ಬೆಳಗ್ಗೆ ಎದ್ದ ಕೂಡಲೇ ಒಂದು ಗುಟುಕು ಬೇಕೆನ್ನುತ್ತಾರೆಯೇ ಗಮನಿಸಿ. ಇವುಗಳಲ್ಲಿ ಒಂದಿದ್ದರೂ ಅವತ್ತು ನಿಮ್ಮ ಕೆಲಸ ಸಮಾಲೋಚನೆಯಲ್ಲ, ಡಾಕ್ಟರ ಬಳಿ ಕಳಿಸುವುದು.

‘ಇವತ್ತಿಂದಲೇ ಬಿಟ್ಬಿಡಿ’ ಎಂದು ಇಂಥವರಿಗೆ ಹೇಳಲೇಬೇಡಿ. ಈ ಸೂಚನೆಯಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ದಿನವೂ ಕುಡಿಯುವ ಶರೀರಕ್ಕೆ ಮದ್ಯ ತಟ್ಟನೆ ನಿಂತರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ದಿಕ್ಕುದೆಸೆ ತಪ್ಪಿ, ಇಲ್ಲದ್ದು ಕಂಡು, ಜ್ವರ ಏರಿ ಜೀವಕ್ಕೇ ಕುತ್ತು ಬರಬಹುದು. ಲಾಕಪ್ಪಿನಲ್ಲಿ, ಜೈಲಿನ ಮೊದಲ ವಾರದಲ್ಲಿ, ಡಾಕ್ಟರಿಲ್ಲದ ‘ಬಿಡಿಸುವ ಕೇಂದ್ರ’ಗಳಲ್ಲಿ ಕೂಡಿಹಾಕಿದಾಗ ಆಗುವ ಅನಾಹುತಕ್ಕೆ ಇದೇ ಕಾರಣ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಇದೆ, ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಚೀಟಿ ಬರೆದು ಕೈಗೆ ಕೊಟ್ಟರೆ ಸಾಲದು, ಫೋನ್ ಮಾಡಿ ತಲುಪಿದರೇ ಎಂದು ವಿಚಾರಿಸಿ.

ಮಿಕ್ಕವರಿಗೆ ಆಡಿಟ್ ಪ್ರಶ್ನಾವಳಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ಹತ್ತು ಪ್ರಶ್ನೆಗಳು, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 40. ಎಂಟು ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ, 20 ಅಥವಾ ಹೆಚ್ಚು ಬಂದರೆ ಚಟ ಹತ್ತಿದೆಯೇ ಎಂದು ಡಾಕ್ಟರು ನೋಡಲೇಬೇಕು. ಪರೀಕ್ಷೆಯ ಪತ್ರಿಕೆ ಓದಿದ ಹಾಗೆ ಓದಬೇಡಿ, ಮಾತಿನ ನಡುವೆ ಕೇಳಿ. ಕೇಸಿನ ಭಯ ಇರುವವರು ಅಂಕ ಕಡಿಮೆ ಬರುವ ಹಾಗೇ ಉತ್ತರಿಸುತ್ತಾರೆ. ಆದ್ದರಿಂದ ನಾಲ್ಕು ಬಂದವರನ್ನು ‘ಏನೂ ತೊಂದರೆ ಇಲ್ಲ’ ಎಂದು ಕಳಿಸುವುದು ಬೇಡ. ಮೂರನೆಯ ಭೇಟಿಯಲ್ಲಿ ಮತ್ತೆ ಕೇಳಿ. ನಂಬಿಕೆ ಬಂದ ಮೇಲೆ ಅಂಕ ಏರುವುದುಂಟು, ಅದು ಒಳ್ಳೆಯ ಲಕ್ಷಣ.

ಪೆಗ್ಗಿನಲ್ಲಿ ಕೇಳಬೇಡಿ, ಮಿಲಿಲೀಟರಿನಲ್ಲಿ ಕೇಳಿ. ಒಬ್ಬರ ಪೆಗ್ 30, ಇನ್ನೊಬ್ಬರದು 60, ಮನೆಯಲ್ಲಿ ತಾವೇ ಬಗ್ಗಿಸಿಕೊಳ್ಳುವವರದು ಲೋಟದ ಅಂದಾಜು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್ಮಿನಲ್ಲಿ ಶೇ 42.8 ಆಲ್ಕೋಹಾಲ್ ಇರುತ್ತದೆ. ಅಂದರೆ 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ, ನೈಂಟಿ ಪ್ಯಾಕೆಟ್ಟಿನಲ್ಲಿ 30, ಕ್ವಾರ್ಟರಿನಲ್ಲಿ 60. ‘ನಾನು ಬರೀ ಬಿಯರ್’ ಎನ್ನುವವರಿಂದಲೂ ಲೆಕ್ಕ ಹಾಕಿಸಿ: 650 ಮಿ.ಲೀ. ಸ್ಟ್ರಾಂಗ್ ಬಾಟಲಿಯಲ್ಲಿ ಶೇ 7 ಇದ್ದರೂ 35 ಗ್ರಾಂ ದಾಟುತ್ತದೆ, ಅಂದರೆ ಮೂರೂವರೆ ಸಣ್ಣ ಪೆಗ್. ಈ ಲೆಕ್ಕವನ್ನು ನೀವು ಹೇಳಬೇಡಿ, ಕ್ಯಾಲ್ಕುಲೇಟರ್ ಅವರ ಕೈಗೇ ಕೊಡಿ. ಮುಖ ಬದಲಾಗುವುದು ಸಾಮಾನ್ಯವಾಗಿ ಬಿಯರಿನ ಸಾಲಿಗೆ ಬಂದಾಗ.

ವಾದ ಬೇಡ

‘ನಾನು ಸ್ಟೆಡಿಯಾಗೇ ಇದ್ದೆ ಸಾರ್’ ಎನ್ನುವುದು ಎಲ್ಲರೂ ಹೇಳುವ ಮಾತು. ಇದಕ್ಕೆ ಎದುರು ವಾದ ಹೂಡಬೇಡಿ. ಅವರು ಸುಳ್ಳು ಹೇಳುತ್ತಿಲ್ಲ. ಕುಡಿದು ಕುಡಿದು ಒಗ್ಗಿದ ಶರೀರ ತೂರಾಡುವುದಿಲ್ಲ, ಮಾತು ತೊದಲುವುದಿಲ್ಲ. ಅಡ್ಡ ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವುದು ಮಾತ್ರ ತಡವಾಗುತ್ತದೆ, ಆ ತಡ ಅವರಿಗೆ ಗೊತ್ತಾಗುವುದಿಲ್ಲ. ‘ಸ್ಟೆಡಿಯಾಗಿದ್ರಿ, ಸರಿ. ಅಷ್ಟು ಕುಡಿದ್ರೂ ಸ್ಟೆಡಿಯಾಗಿರೋಕೆ ಎಷ್ಟು ವರ್ಷ ಹಿಡೀತು?’ ಎಂದು ಕೇಳಿ ಸುಮ್ಮನಿರಿ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದು, ಆಮೇಲೆ ಸ್ಟೀಫನ್ ರೋಲ್ನಿಕ್ ಜತೆ ಬೆಳೆಸಿದ ಸಂದರ್ಶನ ಕ್ರಮದ ತಿರುಳು ಇದೇ: ಬದಲಾಗಲು ಕಾರಣ ನಮ್ಮ ಬಾಯಿಂದ ಬಂದಷ್ಟೂ ಎದುರಿನವರು ಬದಲಾಗದಿರಲು ಕಾರಣ ಹುಡುಕುತ್ತಾರೆ. ಕಾರಣ ಅವರ ಬಾಯಿಂದಲೇ ಬರಲಿ. ಮಾಲೆ ಹಾಕಿಕೊಂಡು ಶಬರಿಮಲೆಗೆ ಹೋಗಿಬಂದವರಿದ್ದರೆ ಆ 41 ದಿನ ಹೇಗೆ ಬಿಟ್ಟಿದ್ದರು ಎಂದು ಕೇಳಿ. ಸಂಜೆ ಏಳಕ್ಕೆ ಏನು ಮಾಡುತ್ತಿದ್ದರು, ಗೆಳೆಯರಿಗೆ ಏನೆಂದರು, ನಿದ್ದೆ ಹೇಗಿತ್ತು? ತಾವು ಮಾಡಬಲ್ಲೆವು ಎಂಬುದಕ್ಕೆ ಅವರ ಬದುಕಿನಲ್ಲೇ ಇರುವ ಸಾಕ್ಷಿ ಅದು. ಹಾಗೆಂದು, ದಿನಾ ಬೆಳಗ್ಗೆ ಕುಡಿಯುವವರಿಗೆ ಮಾಲೆ ಹಾಕಿಕೊಳ್ಳಿ ಎಂದು ನೀವು ಸಲಹೆ ಕೊಡಬೇಡಿ. ಮೇಲೆ ಹೇಳಿದ ಫಿಟ್ಸಿನ ಮಾತು ವ್ರತದಲ್ಲಿರುವವರಿಗೂ ಅನ್ವಯಿಸುತ್ತದೆ.

ಆಣೆ ಮಾಡಿಸಬೇಡಿ. ಧರ್ಮಸ್ಥಳದ ಹೆಸರಿನಲ್ಲಿ, ಮಕ್ಕಳ ತಲೆ ಮುಟ್ಟಿಸಿ ಆಣೆ ತೆಗೆಸುವುದು ಸಮಾಲೋಚಕರ ಕೆಲಸವಲ್ಲ. ಆಣೆ ಮುರಿದ ದಿನ ಅವರು ದೇವರಿಂದ ಮಾತ್ರವಲ್ಲ, ನಿಮ್ಮಿಂದಲೂ ಮುಖ ಮರೆಸುತ್ತಾರೆ. ತಾವಾಗಿ ಇಷ್ಟಪಟ್ಟು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಹೋಗುವವರನ್ನು ತಡೆಯಬೇಡಿ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯ ಸಭೆಗೆ ತಪ್ಪದೆ ಹೋಗುತ್ತಿದ್ದಾರೆಯೇ ವಿಚಾರಿಸಿ.

ನಾಚಿಕೆಪಡಿಸಬೇಡಿ. 2023ರ ಫೆಬ್ರುವರಿಯಲ್ಲಿ ಕೇರಳದ ತ್ರಿಪ್ಪುಣಿತ್ತುರದಲ್ಲಿ ಪೊಲೀಸರು, ಕುಡಿದು ಸಿಕ್ಕಿಬಿದ್ದ ಚಾಲಕರಿಂದ ‘ಇನ್ನು ಕುಡಿದು ಓಡಿಸುವುದಿಲ್ಲ’ ಎಂದು ಸಾವಿರ ಸಲ ಬರೆಸಿದರು. ವಿಡಿಯೊ ನೋಡಿ ನಾಡೆಲ್ಲ ನಕ್ಕಿತು. ಪೊಲೀಸರ ಮಟ್ಟಿಗೆ ಅದು ಸರಿಯೋ ತಪ್ಪೋ, ನಮ್ಮ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ. ರಕ್ತಸಿಕ್ತ ಅಪಘಾತದ ಫೋಟೊ ತೋರಿಸಿ ಹೆದರಿಸುವುದೂ ಹಾಗೆಯೇ. ಆ ಹೊತ್ತಿಗೆ ಕಣ್ಣೀರು ಬರುತ್ತದೆ, ಶನಿವಾರದ ಹೊತ್ತಿಗೆ ಆರಿರುತ್ತದೆ.

ಸಿಕ್ಕಿಬಿದ್ದ ದಿನವನ್ನು ಬಿಡಿಸಿ

ನಮ್ಮ ಕೆಲಸದ ನಡುಗಂಬ ಇದು. ಇದಕ್ಕೆ ಒಂದು ಇಡೀ ಭೇಟಿ ಮೀಸಲಿಡಿ. ಊದಿಸಿದ ಕ್ಷಣದಿಂದ ಶುರುಮಾಡಬೇಡಿ, ಅಲ್ಲಿಂದ ಶುರುಮಾಡಿದರೆ ಕತೆ ಪೊಲೀಸರ ಬಗ್ಗೆ ಆಗುತ್ತದೆ. ಸಂಜೆಯಿಂದ ಶುರುಮಾಡಿ, ಗಾಡಿಯನ್ನು ಹಿಂಬಾಲಿಸಿ.

‘ಎಷ್ಟು ಗಂಟೆಗೆ ಕೆಲಸ ಬಿಟ್ರಿ?’

‘ಏಳೂವರೆಗೆ ಸಾರ್.’

‘ಗಾಡಿ ಎಲ್ಲಿತ್ತು?’

‘ಕಂಪನಿ ಬೇಸ್‌ಮೆಂಟಲ್ಲಿ.’

‘ಬಾರಿಗೆ ಹೇಗೆ ಹೋದ್ರಿ?’

‘ಗಾಡೀಲೇ. ಹಿಂದೆ ಒಬ್ಬ ಫ್ರೆಂಡ್ ಕೂತಿದ್ದ.’

‘ವಾಪಸ್ ಹೇಗೆ ಬರೋದು ಅಂತ ಮಾತಾಡಿಕೊಂಡ್ರಾ?’

‘ಇಲ್ಲ ಸಾರ್. ಯಾರು ಮಾತಾಡ್ತಾರೆ?’

ಅಪರಾಧ ದಾಖಲಾದದ್ದು ರಾತ್ರಿ ಹನ್ನೊಂದೂವರೆಗೆ, ತೀರ್ಮಾನವಾದದ್ದು ಏಳೂವರೆಗೆ, ಬೇಸ್‌ಮೆಂಟಿನಿಂದ ಬೈಕ್ ಹೊರಗೆ ಬಂದಾಗ. ಎರಡು ಪೆಗ್ ಒಳಗೆ ಹೋದ ಮೇಲೆ ‘ಓಡಿಸಬಲ್ಲೆನೇ’ ಎಂದು ಕೇಳಿಕೊಳ್ಳುವ ಬುದ್ಧಿಯೇ ಆ ಎರಡು ಪೆಗ್ಗಿನಲ್ಲಿ ಮೊದಲು ಮುಳುಗುವುದು. ಆದ್ದರಿಂದ ‘ಕುಡಿದಾಗ ಯೋಚನೆ ಮಾಡಿ’ ಎಂಬ ಉಪದೇಶ ಉಪಯೋಗಕ್ಕೆ ಬಾರದು. ಕುಡಿಯದೇ ಇರುವಾಗಲೇ ಗಾಡಿಯ ವಿಚಾರ ತೀರ್ಮಾನವಾಗಿರಬೇಕು.

ಒಂದು ಕಾರ್ಡಿನ ಮೇಲೆ ಅವರ ಕೈಯಲ್ಲೇ ಬರೆಸಿ: ಗಾಡಿ ಎಲ್ಲಿ ಬಿಡುತ್ತೇನೆ, ಮನೆಗೆ ಯಾವುದರಲ್ಲಿ ಬರುತ್ತೇನೆ, ಅದರ ದುಡ್ಡು ಎಲ್ಲಿಟ್ಟಿದ್ದೇನೆ, ಆಗದಿದ್ದರೆ ಯಾರಿಗೆ ಫೋನ್ ಮಾಡುತ್ತೇನೆ. ‘ಆಟೊ ಹಿಡೀತೀನಿ’ ಎಂದು ಬರೆದರೆ ಒಪ್ಪಬೇಡಿ. ಯಾವ ಸ್ಟ್ಯಾಂಡಿನಿಂದ, ಆ ಹೊತ್ತಿನಲ್ಲಿ ಎಷ್ಟು ಕೇಳುತ್ತಾರೆ? ಹಳ್ಳಿಯ ಕಡೆಯವರಿಗೆ ಈ ಪ್ರಶ್ನೆ ಇನ್ನೂ ಕಷ್ಟದ್ದು. ರಾತ್ರಿ ಒಂಬತ್ತರ ಮೇಲೆ ಬಸ್ಸಿಲ್ಲ, ಆಟೊ ಇಲ್ಲ, ತಾಲ್ಲೂಕು ಕೇಂದ್ರದ ಬಾರಿನಿಂದ ಊರಿಗೆ ಬೈಕೇ ಗತಿ. ಅಲ್ಲಿ ಯೋಜನೆ ಎಂದರೆ ಸಂಜೆ ಬಸ್ಸಿಗೆ ಹೋಗಿ ನೆಂಟರ ಮನೆಯಲ್ಲಿ ಮಲಗಿ ಬರುವುದು, ಇಲ್ಲವೇ ಹೋಗದಿರುವುದು. ವರ್ಷದ ಕ್ಯಾಲೆಂಡರ್ ತೆಗೆದು ಅಪಾಯದ ದಿನಗಳಿಗೆ ಗುರುತು ಹಾಕಿಸಿ: ಸಂಬಳದ ದಿನ, ಊರಹಬ್ಬ, ಬೀಗರೂಟ, ಹೊಸತೊಡಕು, ಡಿಸೆಂಬರ್ 31. ಒಂದೊಂದು ಗುರುತಿಗೂ ಒಂದೊಂದು ಕಾರ್ಡು.

ಗೆಳೆಯರಿಗೆ ಇಲ್ಲ ಎನ್ನುವುದನ್ನು ನಿಮ್ಮ ಎದುರೇ ಬಾಯಿಬಿಟ್ಟು ಹೇಳಿಸಿ. ನೀವು ಗೆಳೆಯರಾಗಿ, ‘ಒಂದೇ ಒಂದು ಮಗಾ, ನಂಗೋಸ್ಕರ’ ಎಂದು ಒತ್ತಾಯ ಮಾಡಿ. ಆರೋಗ್ಯದ ನೆಪ ಹೇಳಿದವರನ್ನು ಗೆಳೆಯರು ಬಿಡುವುದಿಲ್ಲ. ‘ಕೇಸ್ ನಡೀತಿದೆ, ಇನ್ನೊಂದ್ಸಲ ಸಿಕ್ರೆ ಜೈಲು, ಬಿಟ್ಬಿಡ್ರಪ್ಪ’ ಎಂದವರನ್ನು ಬಿಡುತ್ತಾರೆ.

‘ಎಷ್ಟು ಕುಡಿದ್ರೆ ಮಷಿನ್‌ಗೆ ಗೊತ್ತಾಗಲ್ಲ?’ ಎಂಬ ಪ್ರಶ್ನೆಗೆ ಅಂಕಿ ಕೊಡಬೇಡಿ. ಗಾಡಿ ಮುಟ್ಟುವ ದಿನ ಸೊನ್ನೆ, ಬೇರೆ ಉತ್ತರವಿಲ್ಲ. ಚೆಕಿಂಗ್ ಎಲ್ಲಿರುತ್ತದೆ, ಯಾವ ಅಡ್ಡರಸ್ತೆ ಹಿಡಿಯಬಹುದು ಎಂಬ ಮಾತು ಗುಂಪಿನಲ್ಲಿ ಎದ್ದರೆ ಅಲ್ಲೇ ನಿಲ್ಲಿಸಿ.

ಬೆಳಗಿನ ಲೆಕ್ಕವನ್ನು ಬಿಡಬೇಡಿ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಶರೀರ ಗಂಟೆಗೆ ಕರಗಿಸುವುದು 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಮಿಲಿಗ್ರಾಂ. ಅರವತ್ತು ಕೆ.ಜಿ. ತೂಕದವರು ಒಂದು ಕ್ವಾರ್ಟರ್ ಕುಡಿದರೆ ಮಟ್ಟ 140ರ ಆಸುಪಾಸಿಗೆ ಏರಬಹುದು. ರಾತ್ರಿ ಹನ್ನೊಂದಕ್ಕೆ ಅಷ್ಟಿದ್ದದ್ದು 30ಕ್ಕೆ ಇಳಿಯಲು ಏಳು ಗಂಟೆ ಮೀರುತ್ತದೆ. ಮಜ್ಜಿಗೆ, ನಿಂಬೆಹಣ್ಣು, ಫಿಲ್ಟರ್ ಕಾಫಿ, ತಣ್ಣೀರಿನ ಸ್ನಾನ ಯಾವುದೂ ಇದನ್ನು ಒಂದು ನಿಮಿಷವೂ ಬೇಗನೆ ಮಾಡುವುದಿಲ್ಲ. ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಪಾಸಣೆ ಮಾಡಿದಾಗ ಸಿಕ್ಕಿಬಿದ್ದ ಚಾಲಕರಿದ್ದಾರೆ. ಹಾಲಿನ ವ್ಯಾನು, ಶಾಲೆ ವ್ಯಾನು, ಮೊದಲ ಪಾಳಿಯ ಕ್ಯಾಬು ಓಡಿಸುವವರ ಜತೆ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ.

ಕುಡಿದೇ ಬಂದರೆ

ಸಮಾಲೋಚನೆ ಮಾಡಬೇಡಿ, ಬೈಯಲೂಬೇಡಿ. ಮೊದಲು ಗಾಡಿ ಕೀಲಿ ಕೇಳಿ ತೆಗೆದುಕೊಳ್ಳಿ. ಮನೆಯವರಿಗೆ ಫೋನ್ ಮಾಡಿ, ಅವರು ಬರುವವರೆಗೆ ಕೂರಿಸಿ, ನೀರು ಕೊಡಿ. ‘ಇವತ್ತಾಗಲ್ಲ, ಇನ್ನೊಂದಿನ ಬನ್ನಿ’ ಎಂದು ಅದೇ ಬೈಕಿನಲ್ಲಿ ವಾಪಸ್ ಕಳಿಸಿದ ಕೇಂದ್ರ ಯಾವ ಮುಖದಲ್ಲಿ ಬೇರೆಯವರಿಗೆ ಪಾಠ ಹೇಳುತ್ತದೆ? ಕೀಲಿ ಕೊಡದೆ ಗಾಡಿ ತೆಗೆಯಲು ಹೊರಟರೆ ಪೊಲೀಸರಿಗೆ ತಿಳಿಸುತ್ತೇವೆಂದು ಮೊದಲ ದಿನವೇ ಹೇಳಿ ಒಪ್ಪಿಗೆಯ ಕಾಗದದಲ್ಲಿ ಬರೆಸಿಕೊಂಡಿರಬೇಕು. ಮಾರನೆಯ ದಿನ ಬೆಳಗ್ಗೆ ನೀವೇ ಕರೆದು ಹೊಸ ದಿನಾಂಕ ಕೊಡಿ.

ಮನೆಯವರ ವಿಚಾರ

ಹೆಂಡತಿಯನ್ನು ಕಾವಲಿಗೆ ನಿಲ್ಲಿಸಬೇಡಿ. ‘ನೀವೇ ಸ್ವಲ್ಪ ನೋಡ್ಕೊಳ್ಳೀಮ್ಮ, ಬಾಯಿ ವಾಸನೆ ನೋಡಿ ನಮಗೆ ಹೇಳಿ’ ಎಂದರೆ ಅವತ್ತು ರಾತ್ರಿ ಮನೆಯಲ್ಲಿ ಏನಾಗುತ್ತದೆಂದು ಯೋಚಿಸಿ. ಅವರೊಂದಿಗೆ ಒಂಟಿಯಾಗಿ ಮಾತಾಡಿ. ಹೊಡೆತ ಬಡಿತ ಇದೆಯೇ ಎಂದು ಗಂಡನ ಎದುರು ಎಂದೂ ಕೇಳಬೇಡಿ. ಇದ್ದರೆ ಗಂಡನ ಸಮಾಲೋಚನೆಯನ್ನು ನೆಪ ಮಾಡಿಕೊಂಡು ಅದನ್ನು ಮುಚ್ಚಿಡಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇದ್ದಾರೆ, ಹೆಲ್ಪ್‌ಲೈನ್ 181 ಇದೆ ಎಂದು ತಿಳಿಸಿ. ‘ನೀನು ಸರಿಯಾಗಿದ್ದಿದ್ರೆ ಅವನ್ಯಾಕೆ ಕುಡೀತಿದ್ದ’ ಎನ್ನುವ ಅತ್ತೆಯರಿಗೆ ನಿಮ್ಮ ಕೋಣೆಯಲ್ಲಿ ತಲೆಯಾಡಿಸಬೇಡಿ.

ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿಗಳ ಜಾಹೀರಾತು ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಇರುತ್ತದೆ. ಮನೆಯವರು ಕದ್ದುಮುಚ್ಚಿ ತಂದಿರುತ್ತಾರೆ. ಕೇಳಿ ತಿಳಿದುಕೊಂಡು ನಿಲ್ಲಿಸಿ. ಅದರಲ್ಲಿ ಡೈಸಲ್ಫಿರಾಂ ಇದ್ದರೆ ಅದರ ಮೇಲೆ ಕುಡಿದಾಗ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿಯುವುದು ಎಲ್ಲ ಆಗಿ ಪ್ರಾಣಕ್ಕೆ ಬರಬಹುದು, ಅದೂ ರಸ್ತೆಯ ನಡುವೆ. ಆ ಔಷಧಿ ಡಾಕ್ಟರು ಬರೆದು, ತೆಗೆದುಕೊಳ್ಳುವವರು ತಿಳಿದು ಒಪ್ಪಿ ನುಂಗಬೇಕಾದ್ದು.

ಲೈಸೆನ್ಸ್ ಹೋದ ಕ್ಯಾಬ್ ಚಾಲಕರ ಮನೆಯಲ್ಲಿ ಕುಡಿತಕ್ಕಿಂತ ಮೊದಲು ಮಾತಾಗಬೇಕಾದ್ದು ಲೋನಿನ ಕಂತು. ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋಗಬೇಡಿ. ಅಮಾನತಿನ ಅವಧಿಯಲ್ಲಿ ಲೈಸೆನ್ಸ್ ಇಲ್ಲದೆಯೇ ಓಡಿಸುತ್ತಿದ್ದಾರೆಯೇ ಎಂಬುದೂ ಇದೇ ಮಾತಿನಲ್ಲಿ ಹೊರಬರುತ್ತದೆ.

ಆಮೇಲೆ

ಪವಾಡದ ಮಾತು ಕೋರ್ಟಿಗೂ ಹೇಳಬೇಡಿ, ಮನೆಯವರಿಗೂ ಹೇಳಬೇಡಿ. 1995ರಲ್ಲಿ ಎಲಿಸಬೆತ್ ವೆಲ್ಸ್-ಪಾರ್ಕರ್ ಮತ್ತು ಸಂಗಡಿಗರು ಇಂಥ ಕಾರ್ಯಕ್ರಮಗಳ 215 ಮೌಲ್ಯಮಾಪನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮತ್ತೆ ಸಿಕ್ಕಿಬೀಳುವುದು ಸರಾಸರಿ ಶೇ 8ರಿಂದ 9ರಷ್ಟು ಕಡಿಮೆಯಾಗಿತ್ತು. ತಿಳಿವಳಿಕೆ, ಸಮಾಲೋಚನೆ, ಮುಗಿದ ಮೇಲಿನ ವಿಚಾರಣೆ ಮೂರೂ ಸೇರಿದಲ್ಲಿ ಫಲ ಹೆಚ್ಚು. ಒಂದೇ ದಿನದ ಉಪನ್ಯಾಸದಲ್ಲಿ ಮುಗಿಸಿ ಕೈತೊಳೆದುಕೊಳ್ಳುವವರು ಈ ಅಂಕಿಯನ್ನು ಎರಡು ಸಲ ಓದಲಿ. ಲೈಸೆನ್ಸಿನ ಮೇಲಿನ ಕ್ರಮವನ್ನು ಸಮಾಲೋಚನೆಗೆ ಬದಲಾಗಿ ರದ್ದು ಮಾಡಿ ಎಂದು ನೀವು ಶಿಫಾರಸು ಮಾಡಬಾರದು. ಎರಡೂ ಜತೆಗಿರಬೇಕು.

ತಪ್ಪಿಸಿದ ಭೇಟಿಗೆ ಅದೇ ದಿನ ಸಂಜೆ ಫೋನ್ ಮಾಡಿ. ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ 2005ರಿಂದ ನಡೆದ ಕ್ರಮವೊಂದರಲ್ಲಿ ಕುಡಿದು ಓಡಿಸಿ ಸಿಕ್ಕಿಬಿದ್ದವರು ದಿನಕ್ಕೆರಡು ಸಲ ಬಂದು ಊದಬೇಕು, ಕುಡಿದದ್ದು ಕಂಡರೆ ಆ ಕೂಡಲೇ ಒಂದೆರಡು ದಿನ ಜೈಲು. ಶಿಕ್ಷೆ ಸಣ್ಣದು, ಆದರೆ ತಪ್ಪುವುದಿಲ್ಲ, ತಡವಾಗುವುದಿಲ್ಲ. ಆ ವ್ಯವಸ್ಥೆ ನಮ್ಮಲ್ಲಿಲ್ಲ. ತಪ್ಪದ ಫೋನು ನಮ್ಮ ಕೈಯಲ್ಲಿದೆ. ಮೂರು ವಾರ ಬಿಟ್ಟು ‘ಯಾಕ್ರೀ ಬರಲಿಲ್ಲ’ ಎಂದು ಕೇಳುವ ನೋಟಿಸಿಗೆ ಬೆಲೆ ಇಲ್ಲ.

ಮತ್ತೆ ಕುಡಿದೆ ಎಂದು ತಾವಾಗಿ ಬಂದು ಹೇಳಿದವರನ್ನು ಹೊರಗೆ ಹಾಕಬೇಡಿ. ಗಾಡಿ ಎಲ್ಲಿತ್ತು ಎಂದು ಮೊದಲು ಕೇಳಿ. ಮನೆಯಲ್ಲೇ ಇತ್ತು ಎಂದರೆ ನೀವು ಮಾಡಿದ ಕೆಲಸ ಅರ್ಧ ನಿಂತಿದೆ ಎಂದರ್ಥ, ಅಲ್ಲಿಂದ ಮುಂದುವರಿಸಿ.

ಲೈಸೆನ್ಸ್ ವಾಪಸ್ ಬರುವ ದಿನವನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಕೇಸು ಮುಗಿಯಿತು, ಭಯ ಮುಗಿಯಿತು, ಪಾರ್ಟಿ ಕೊಡಿಸು ಎಂದು ಗೆಳೆಯರು ಮುತ್ತುವ ವಾರ ಅದು. ಆ ವಾರ ಒಂದು ಭೇಟಿ, ಆಮೇಲೆ ತಿಂಗಳಿಗೊಂದರಂತೆ ಆರು ತಿಂಗಳು ಒಂದು ಕರೆ. ಕಾರ್ಡನ್ನು ಹೊಸದಾಗಿ ಬರೆಸಿ, ಹಿಂಬದಿಯಲ್ಲಿ ಟೆಲಿ-ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು, ಲೈಸೆನ್ಸ್ ಇಡುವ ಪರ್ಸಿನ ಅದೇ ಅರೆಯಲ್ಲಿ ಇಡಿಸಿ ಕಳಿಸಿ.